ಘಸೀಟಾ ರಾವಳನ ಎರಡು ಬೆರಳು

ಘಸೀಟಾ ಎಂದರೆ ಎಳೆದಾಡಿಸಿಕೊಂಡವನು. ಅವನಿಗಿಂತ ಮೊದಲು ಹುಟ್ಟಿದ ಮಕ್ಕಳೆಲ್ಲ ತೊಟ್ಟಿಲಲ್ಲೇ ಹೋಗಿಬಿಟ್ಟಿದ್ದರಿಂದ, ಇವನು ಹುಟ್ಟಿದ ಕೂಡಲೇ ಅಜ್ಜಿ ಹಳೆಯದೊಂದು ಮೊರದಲ್ಲಿ ಹಾಕಿ ಅಂಗಳದ ಉದ್ದಕ್ಕೂ ದರದರ ಎಳೆದಳು. ಇಂಥ ಕಸವನ್ನು ನಾನೇಕೆ ಮುಟ್ಟಲಿ ಎಂದು ಸಾವು ಮೂಗು ಮುರಿದು ಮುಂದಿನ ಮನೆಗೆ ಹೋಗಲಿ ಎಂಬುದು ಅಜ್ಜಿಯ ಲೆಕ್ಕಾಚಾರ. ಸಾವೇನೋ ಹೋಯಿತು. ಎಳೆದಾಟ ಮಾತ್ರ ನಿಲ್ಲಲಿಲ್ಲ. ಮೀಸೆ ಮೂಡಿದಾಗಿನಿಂದ ಗಡ್ಡ ನೆರೆಯುವ ತನಕ ಅವನು ಪಂಜಾಬಿನ ದಾರಿಗಳಲ್ಲಿ ತನ್ನನ್ನು ತಾನೇ ಎಳೆದುಕೊಂಡು ತಿರುಗಿದ.

ಸಿಯಾಲ್‌ಕೋಟೆಯ ಆಚೆ, ದೂರದಲ್ಲಿ ಹಿಮದ ಬೆಟ್ಟ ಕಾಣುವ ಕಡೆ, ಊರೂರು ತಿರುಗಿ ಕಣ್ಣಿನ ಪೊರೆ ತೆಗೆಯುವ ರಾವಳರ ಒಂದು ಕೇರಿ. ಅಲ್ಲಿಯ ಗಂಡಸರೆಲ್ಲ ಕಣ್ಣಿನವರು, ಹೆಂಗಸರೆಲ್ಲ ಕಣ್ಣೀರಿನವರು. ಚಳಿ ಕಾಲಿಟ್ಟಿತೆಂದರೆ ಗಂಡಸರು ಜೋಳಿಗೆ ಹೆಗಲಿಗೇರಿಸಿ ದಿಕ್ಕಿಗೊಬ್ಬರಂತೆ ಹೊರಡುವರು; ಗೋಧಿ ಕೊಯ್ಲಿಗೆ ತಿರುಗಿ ಬರುವರು. ಸೆಕೆಯಲ್ಲಿ ಚೂರಿ ಹಾಕಿದರೆ ಕಣ್ಣು ಕೀವಾಗುತ್ತದೆ. ಜೋಳಿಗೆಯಲ್ಲಿ ಇರುವುದಿಷ್ಟೇ: ತುದಿಯೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ನೂಲು ಸುತ್ತಿದ ಚೂರಿ, ಮೊಂಡು ಮೂತಿಯ ತಾಮ್ರದ ಕಡ್ಡಿ, ಅರಳೆ, ತುಪ್ಪದ ಡಬ್ಬಿ, ಒಂದು ತಗಡಿನ ಬಟ್ಟಲು. ಚೂರಿಯಿಂದ ಕಣ್ಣಿನ ಬಿಳಿಯ ಪಕ್ಕದಲ್ಲಿ ಒಂದು ಚುಚ್ಚು, ಕಡ್ಡಿಯನ್ನು ಒಳಗೆ ತೂರಿಸಿ, ಬೆಳ್ಳಗೆ ಬಲಿತು ಕೂತ ಪೊರೆಯನ್ನು ಮೆಲ್ಲಗೆ ಒತ್ತಿ ಕೆಳಕ್ಕೆ ಇಳಿಸುವುದು. ಪರದೆ ಇಳಿಯುತ್ತದೆ. ಬೆಳಕು ಬರುತ್ತದೆ. ಕೂಡಲೇ ರಾವಳ ತನ್ನ ಎರಡು ಬೆರಳುಗಳನ್ನೆತ್ತಿ "ಎಷ್ಟು?" ಎನ್ನುತ್ತಾನೆ. ಮುದುಕನೋ ಮುದುಕಿಯೋ ನಡುಗುವ ದನಿಯಲ್ಲಿ "ಎರಡು!" ಎಂದು ಕೂಗುತ್ತಾರೆ. ಸುತ್ತ ನೆರೆದವರು ಹೋ ಎನ್ನುತ್ತಾರೆ.

ಎಂದೂ ಎರಡೇ. ಒಂದು ತೋರಿಸಿದರೆ ಊಹೆಯಲ್ಲಿ ಹೇಳಿದರು ಅನ್ನುತ್ತಾರೆ, ಐದು ತೋರಿಸಿದರೆ ಕೆನ್ನೆಗೆ ಬಾರಿಸಲು ಬಂದ ಅಂದುಕೊಳ್ಳುತ್ತಾರೆ ಎಂದು ಘಸೀಟಾನ ಅಪ್ಪ ಹೇಳಿಕೊಟ್ಟಿದ್ದ. ಬೆರಳು ತೋರಿಸಿದ ಮೇಲೆ ತುಪ್ಪದ ಅರಳೆಯಿಟ್ಟು ಕಟ್ಟು ಕಟ್ಟುವುದು. ಏಳನೆಯ ದಿನದ ತನಕ ಬಿಚ್ಚಬಾರದು, ಕೆಮ್ಮಬಾರದು, ಅಳಬಾರದು, ಗಟ್ಟಿ ಪದಾರ್ಥ ಅಗಿಯಬಾರದು ಎಂದು ಅಪ್ಪಣೆ ಮಾಡುವುದು. ಬೆಳಗಾಗುವುದರೊಳಗೆ ಊರು ಬಿಡುವುದು. ಕಣ್ಣು ಕೊಟ್ಟವನು ಕಣ್ಮರೆ.

ಬಿಟ್ಟ ಊರಿಗೆ ಮತ್ತೆ ಕಾಲಿಡಕೂಡದು. ಇದು ಕೇರಿಯ ಕಟ್ಟಳೆ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ, ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಬೆರಳು ತೋರಿಸಿ ಬದುಕುವವನು, ತನ್ನತ್ತ ಬೆರಳು ತೋರಿಸುವ ಹೊತ್ತಿಗೆ ಅಲ್ಲಿ ಇರಬಾರದು, ಅಷ್ಟೇ. ಕೆಲವು ಕಣ್ಣು ಉಳಿಯುತ್ತಿದ್ದವು. ಕೆಲವು ಕೆಂಪಾಗಿ, ಬೆಂದು, ಒಣಗಿದ ದ್ರಾಕ್ಷಿಯಾಗುತ್ತಿದ್ದವು. ಯಾವುದು ಉಳಿಯಿತು, ಯಾವುದು ಹೋಯಿತು ಎಂಬುದು ರಾವಳನಿಗೆ ಗೊತ್ತಾಗುವಂತಿಲ್ಲ. ಅವನು ಕಂಡದ್ದು ಬರೀ ಆ ಒಂದು ಗಳಿಗೆಯ "ಎರಡು".

ಆದರೆ ಎಲ್ಲಿದ್ದಾನೆಂದು ಯಾರಿಗೂ ತಿಳಿಯದ ಹಾಗೆ ತಿರುಗುವವನು ಬೇಕಾದವರಿಗೂ ಸಿಕ್ಕುವುದಿಲ್ಲ. ಒಂದು ಚಳಿಗಾಲದಲ್ಲಿ ಘಸೀಟಾನ ಹೆಂಡತಿ ಜಿಂದೋ ಜ್ವರದಲ್ಲಿ ತೀರಿಹೋದಳು. ಸುದ್ದಿ ಎಲ್ಲಿಗೆಂದು ಕಳಿಸುತ್ತಾರೆ? ಗೋಧಿ ಕೊಯ್ಲಿನ ಹೊತ್ತಿಗೆ, ಅವಳಿಗೆಂದು ಹಸಿರು ಬಳೆ ತೆಗೆದುಕೊಂಡು ಅವನು ಮನೆಗೆ ಬಂದಾಗ ಗೋರಿಯ ಮೇಲೆ ಹುಲ್ಲು ಬೆಳೆದಿತ್ತು. ಕೇರಿಯವರು ಅಷ್ಟು ಹೊತ್ತಿಗೆ ಅತ್ತು ಮುಗಿಸಿದ್ದರು. ಅವನ ಜೊತೆ ಮತ್ತೊಮ್ಮೆ ಅಳಲು ಯಾರಿಗೂ ಪುರುಸೊತ್ತಿರಲಿಲ್ಲ. ಮಕ್ಕಳಿರಲಿಲ್ಲ. ಆಮೇಲೆ ಊರೂರಿನ ಪೊರೆ ತೆಗೆಯುವವನನ್ನು ಪೊರೆಯುವವರು ಯಾರೂ ಉಳಿಯಲಿಲ್ಲ.

ಅವನನ್ನು ಕಂಡು ಹೆಸರು ಹಿಡಿದು ಕೂಗುತ್ತಿದ್ದವನು ಒಬ್ಬನೇ, ಕಿವಿಯ ಲಬ್ಭೂ. ಕೆಂಪು ಪಗಡಿಯಲ್ಲಿ ಕಿವಿಕಡ್ಡಿ ಸಿಕ್ಕಿಸಿಕೊಂಡು ಹಳ್ಳಿ ಹಳ್ಳಿ ತಿರುಗಿ ಜನರ ಕಿವಿ ತೆಗೆಯುವವನು. ಇಬ್ಬರದೂ ತಿರುಗಾಟದ ಕಸುಬೇ, ಆದರೆ ಅಜಗಜಾಂತರ. ಲಬ್ಭೂ ಪ್ರತಿವರ್ಷ ಅವೇ ಊರು, ಅವೇ ಮನೆ, ಅವೇ ಕಿವಿಗಳಿಗೆ ಹೋಗುವನು. ಮಕ್ಕಳು "ಲಬ್ಭೂ ಮಾಮಾ" ಎಂದು ಬೆನ್ನು ಹತ್ತುವರು.

ಆ ವರ್ಷ ಚಳಿಗಾಲದ ಲೋಹ್ರಿ ಹಬ್ಬ ಕಳೆದ ಮೇಲೆ ಇಬ್ಬರೂ ಚನಾಬ್ ಕಾಲುವೆಯ ಏರಿಯ ಮೇಲೆ, ಒಂದು ಜಾಲಿ ಮರದ ಕೆಳಗೆ ಸಿಕ್ಕಿದರು. ಲಬ್ಭೂ ಎಂದಿನಂತೆ ಸ್ನೇಹಿತನ ತಲೆಯನ್ನು ತೊಡೆಯ ಮೇಲೆಳೆದುಕೊಂಡು ಕಿವಿಗೆ ಸಾಸಿವೆ ಎಣ್ಣೆ ಬಿಟ್ಟ. ವರ್ಷಕ್ಕೊಮ್ಮೆ ಘಸೀಟಾನ ಮೈಯನ್ನು ಇನ್ನೊಬ್ಬ ಮನುಷ್ಯ ಮುಟ್ಟುತ್ತಿದ್ದದ್ದು ಇಷ್ಟೇ.

"ಏನಪ್ಪಾ ಇದು, ಗುಗ್ಗೆ ಅಲ್ಲ ಬೆಲ್ಲದ ಅಚ್ಚು ತೆಗೀತಿದೀನಿ. ವರ್ಷವಿಡೀ ಯಾರ ಮಾತೂ ಕೇಳಿಸ್ಕೊಂಡಿಲ್ವೇನೋ ನೀನು?"

"ನನ್ನ ಹತ್ರ ಯಾರು ಮಾತಾಡ್ತಾರೆ?"

"ಅದಕ್ಕೇ ಹೇಳೋದು, ಕಿವಿ ಕೆಲಸ ಕಲಿ ಅಂತ. ಗುಗ್ಗೆ ದೇವರು ಕೊಟ್ಟ ಬೆಳೆ ಕಣೋ. ಕಿತ್ತಷ್ಟೂ ಮತ್ತೆ ಬರುತ್ತೆ. ನಿಂದೇನು? ಕಣ್ಣು ಬಂದ್ರೂ ಒಂದೇ ಸಲ, ಹೋದ್ರೂ ಒಂದೇ ಸಲ."

"ಅಲ್ಲಾಡ್ಬೇಡ ಅಂತೀಯ, ನಗಿಸ್ತೀಯ."

"ಒಂದು ಕಿವಿಮಾತು. ತೆಗೆದ ಕಿವಿಗೇ ಹಾಕ್ತೀನಿ, ಸರಿಯಾಗಿ ಇಳಿಯತ್ತೆ." ಲಬ್ಭೂ ದನಿ ತಗ್ಗಿಸಿದ. "ಇಲ್ಲೇ ಕಾಲುವೆ ಪಕ್ಕದ ಹೊಸ ಊರು, ಯಾವುದೋ ಚಕ್ಕು, ಅಲ್ಲಿ ಒಬ್ಬ ಜಾಟ ರೈತ ಇದಾನಂತೆ. ಹೋದ ವರ್ಷ ಯಾವನೋ ರಾವಳ ಅವನ ತಾಯಿ ಕಣ್ಣು ಕೆಡಿಸಿ ಹೋದ್ನಂತೆ. ಕೈಗೆ ಸಿಕ್ಕಿದ್ರೆ ಬೆರಳು ಒಂದೊಂದಾಗಿ ಮುರೀತೀನಿ ಅಂತ ಗುರುದ್ವಾರದಲ್ಲಿ ಆಣೆ ಮಾಡಿದಾನೆ."

"ಯಾವ ಚಕ್ಕು?"

"ಅದೇನೋ ನಂಬರು ಹೇಳಿದ್ರಪ್ಪ. ನಂಬರು ಯಾರಿಗೆ ನೆನಪಿರತ್ತೆ? ಊರಿಗೊಂದು ಹೆಸರು ಇಡೋಕೂ ಈ ಸರ್ಕಾರಕ್ಕೆ ಬರಲಿಲ್ಲ."

ತೊಂದರೆ ಇದ್ದದ್ದೇ ಅಲ್ಲಿ. ಹಳೆಯ ನಾಡಿನಲ್ಲಿ ಪ್ರತಿ ಊರಿಗೂ ಅದರದೇ ಮುಖವಿತ್ತು. ಇಲ್ಲೊಂದು ವಾಲಿದ ಆಲ, ಅಲ್ಲೊಂದು ಪೀರನ ಗೋರಿ, ಇನ್ನೊಂದು ಕಡೆ ಕಚ್ಚುವ ನಾಯಿ. ಘಸೀಟಾ ಊರುಗಳನ್ನು ಹಾಗೇ ನೆನಪಿಟ್ಟುಕೊಂಡಿದ್ದ. ಆದರೆ ಈ ಹೊಸ ಕಾಲುವೆಯ ಸೀಮೆಯಲ್ಲಿ ಸಾಹೇಬರು ಬಟಾಬಯಲಿನ ಮೇಲೆ ಅಡಿಕೋಲಿಟ್ಟು ಗೆರೆ ಎಳೆದು, ಒಂದೇ ಅಚ್ಚಿನಲ್ಲಿ ಇಟ್ಟಿಗೆ ಒತ್ತಿದಂತೆ ಊರುಗಳನ್ನು ಒತ್ತಿದ್ದರು. ನಡುವೆ ಚೌಕ, ಚೌಕದಲ್ಲಿ ಬಾವಿ, ನಾಲ್ಕು ದಿಕ್ಕಿಗೆ ನಾಲ್ಕು ನೆಟ್ಟನೆಯ ಬೀದಿ, ಬೀದಿಗುಂಟ ಒಂದೇ ವಯಸ್ಸಿನ ಬೀಟೆಯ ಸಸಿಗಳು. ಊರಬಾಗಿಲ ಕಲ್ಲಿನ ಮೇಲೆ ನಂಬರು. ಓದು ಬಾರದವನಿಗೆ ಎಲ್ಲ ನಂಬರೂ ಒಂದೇ.

ಮಾರನೆಯ ದಿನ ಮಂಜು ಎಂದರೆ ಮಂಜು. ಎದುರಿಗಿದ್ದ ಎಮ್ಮೆ ಉಸಿರು ಬಿಟ್ಟಾಗಲೇ ಅದು ಎಮ್ಮೆ ಎಂದು ತಿಳಿಯುವಂಥದು. ಲೋಕಕ್ಕೇ ಪೊರೆ ಬಂದಂತಿತ್ತು. ಘಸೀಟಾ ಕಾಲುವೆಯ ಏರಿಯಿಂದಿಳಿದು, ಕಬ್ಬಿನ ಗದ್ದೆ ದಾಟಿ, ಮೊದಲು ಸಿಕ್ಕ ಊರೊಳಗೆ ನಡೆದು ಚೌಕದಲ್ಲಿ ನಿಂತು ಕೂಗಿದ:

"ಮೋತಿಯಾ ತೆಗೀತೀನೀ... ಕಣ್ಣಿನ ಕತ್ತಲೆ ತೆಗೀತೀನೀ..."

ಬಾಗಿಲೊಂದು ಕಿರುಗುಟ್ಟಿತು. ಹೆಂಗಸೊಬ್ಬಳ ದನಿ ಕೇಳಿಸಿತು. "ಬಂದ್ಯಾ ಮಗನೇ? ಕೂಗು ಕೇಳಿದ್ಕೂಡ್ಲೇ ನೀನೇ ಅಂತ ಗೊತ್ತಾಯ್ತು. ಎಷ್ಟು ತಡ ಮಾಡ್ದೆ!"

ಬಾಗಿಲಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದ ಮುದುಕಿಯ ಮುಖ ಅವನಿಗೆ ಗುರುತು ಹತ್ತಲಿಲ್ಲ. ರಾವಳರಿಗೆ ಮುಖ ನೆನಪಿರುವುದಿಲ್ಲ. ಅಭ್ಯಾಸಬಲದಿಂದ ಹತ್ತಿರ ಹೋಗಿ ಅವಳ ಬಲಗಣ್ಣಿನ ರೆಪ್ಪೆ ಎತ್ತಿದ. ಬಿಳಿಯ ಪಕ್ಕದಲ್ಲಿ, ಕಿವಿಯ ಕಡೆಗೆ, ಅಕ್ಕಿಕಾಳಿನ ಮೂತಿಯಷ್ಟು ಗಾಯದ ಗುರುತು. ಸ್ವಲ್ಪ ಕೆಳಕ್ಕೆ ವಾಲಿದ ಚುಚ್ಚು. ಲೋಕದಲ್ಲಿ ಹಾಗೆ ವಾಲಿಸಿ ಚುಚ್ಚುವವನು ತಾನೊಬ್ಬನೇ, ಅಪ್ಪ ಎಷ್ಟು ಬೈದರೂ ಆ ಚಾಳಿ ಬಿಟ್ಟಿರಲಿಲ್ಲ. ಕಣ್ಣು ಸತ್ತಿತ್ತು. ಒಳಗೆ ಗಂಜಿ ಹೆಪ್ಪುಗಟ್ಟಿದ ಬಣ್ಣ.

ಅವನ ಕಾಲಿಗೆ ಓಡು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಮುದುಕಿ ಅವನ ಮಣಿಕಟ್ಟು ಹಿಡಿದುಬಿಟ್ಟಿದ್ದಳು.

"ನನ್ನದೇ ತಪ್ಪು ಕಣಪ್ಪ," ಎಂದಳು. "ನೀನು ಅಗೀಬೇಡ ಅಂದಿದ್ದೆ. ಲೋಹ್ರಿ ಹಬ್ಬ, ಎಲ್ಲರೂ ಹುರಿದ ಜೋಳ ಕಟಕಟ ಅಂತ ತಿಂತಾ ಇದ್ರು. ನಾಲಿಗೆ ಕೇಳಲಿಲ್ಲ. ಒಂದು ಹಿಡಿ ಬಾಯಿಗೆ ಹಾಕ್ಕೊಂಡೆ. ಕಟ್ಟು ಬಿಚ್ಚಿದಾಗ ಚೆನ್ನಾಗೇ ಕಾಣ್ತಿತ್ತು. ವೈಶಾಖಿ ಹಬ್ಬದ ತನಕ ಕಂಡಿತು. ಆಮೇಲೆ ಮೆಲ್ಲಮೆಲ್ಲಗೆ ಹೋಯ್ತು. ನೀನು ಮಾಡಿದ ಕೆಲಸ ನಾನು ಹಾಳು ಮಾಡ್ಕೊಂಡೆ. ಬೇಜಾರು ಮಾಡ್ಕೋಬೇಡ."

ಅಗಿಯಬೇಡಿ ಎಂದು ಘಸೀಟಾ ಊರೂರಿನಲ್ಲಿ ಹೇಳುತ್ತಿದ್ದದ್ದು ಯಾಕೆಂದು ಅವನ ಅಪ್ಪನಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಕಣ್ಣು ಹೋದರೆ ಜನ ತಮ್ಮ ಹಲ್ಲನ್ನು ಬೈದುಕೊಳ್ಳಲಿ ಎಂದು. ಆ ಉಪಾಯ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದು ಮಾತ್ರ ಅವನು ಎಂದೂ ನಿಂತು ನೋಡಿರಲಿಲ್ಲ.

"ಯಾರ ಜೊತೆ ಮಾತಾಡ್ತಿದೀಯ ಬೇಬೆ?" ಎಂದು ತಾಯಿಯನ್ನು ಕೇಳುತ್ತ ಒಳಗಿನಿಂದ ಒಬ್ಬ ಬಂದ. ಬಾಗಿಲ ಚೌಕಟ್ಟು ತುಂಬುವಂಥ ಆಳು. ಮುದುಕಿ ನಿಹಾಲೋ ಬೇಬೆಯ ಮಗ ವಸಾವಾ ಸಿಂಗ್. ರಾವಳನನ್ನು ನೋಡಿದ, ತಾಯಿಯನ್ನು ನೋಡಿದ, ಜೋಳಿಗೆಯನ್ನು ನೋಡಿದ. ಮರುಗಳಿಗೆಯಲ್ಲಿ ಘಸೀಟಾನ ಬಲಗೈ ಅವನ ಮುಷ್ಟಿಯಲ್ಲಿತ್ತು.

"ಅಬ್ಬಾ ನಿನ್ನ ಎದೆಗಾರಿಕೆಯೇ! ತಿರುಗಿ ಬಂದಿದೀಯೇನ್ಲಾ ಕಳ್ಳ ನನ್ಮಗನೇ? ಯಾವ ಬೆರಳಿಂದ ಶುರು ಮಾಡ್ಲಿ ಹೇಳು. ಹಿರಿಯದ್ರಿಂದಲೋ ಕಿರಿಯದ್ರಿಂದಲೋ?"

ಊರು ತಪ್ಪಿ ಬಂದೆ ಎಂದು ಘಸೀಟಾ ಹೇಳಲು ಹೋದ. ಕಾದಿದ್ದ ಮುದುಕಿಯ ಎದುರು ಹಾಗೆ ಹೇಳುವುದು ಬೆರಳು ಮುರಿಸಿಕೊಳ್ಳುವುದಕ್ಕಿಂತ ಕೀಳು ಎಂದು ತೋರಿತು.

"ಬಿಡೋ ಅವನ ಕೈನ!" ಎಂದಳು ಬೇಬೆ. "ಮುರಿದುಹಾಕು, ಆಮೇಲೆ ನನ್ನ ಎಡಗಣ್ಣು ಯಾರು ತೆಗೀತಾರೆ? ನೀನು ತೆಗೀತೀಯಾ, ನೇಗಿಲಲ್ಲಿ?"

"ಇನ್ನೊಂದನ್ನೂ ಇವನ ಕೈಗೆ ಕೊಡ್ತೀಯಾ? ಬುದ್ಧಿ ಇದೆಯಾ ನಿಂಗೆ? ಪಟ್ಟಣದ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ ಅಂದ್ರೆ ಬೇಡ ಅಂತೀಯ."

"ಅಲ್ಲಿ ಕಣ್ಣು ಕಿತ್ತು ಶೀಷೆಗೆ ಹಾಕಿಡ್ತಾರಂತೆ. ನನ್ನ ಕಣ್ಣು ಉಪ್ಪಿನಕಾಯಿ ಅಲ್ಲ. ವಸಾವಾ, ಕೇಳು. ಇವನು ಕೊಟ್ಟ ಕಣ್ಣಲ್ಲಿ ನಿನ್ನ ಮಗನ ಮುಖ ನೋಡಿದೀನಿ. ಅದಕ್ಕೆ ಮುಂಚೆ ಕೈಯಲ್ಲಿ ತಡವಿ ಮೂಗು ಇದೆ, ಕಿವಿ ಇದೆ ಅಂತ ಲೆಕ್ಕ ಹಾಕ್ತಿದ್ದೆ. ಅಷ್ಟು ಕೊಟ್ಟವನಿಗೆ ಇನ್ನೊಂದು ಸಲ ಕೊಡಕ್ಕೆ ಬರಲ್ವಾ?"

ಕೊನೆಗೆ ಮಗ ಒಂದು ಷರತ್ತು ಹಾಕಿದ. ರಾವಳ ಈ ಸಲ ಓಡುವಂತಿಲ್ಲ. ದನದ ಕೊಟ್ಟಿಗೆಯಲ್ಲಿ ಇರಬೇಕು. ಏಳನೆಯ ದಿನ ಊರವರೆದುರು ತಾನೇ ಕಟ್ಟು ಬಿಚ್ಚಬೇಕು. ಬೇಬೆಗೆ ಕಂಡರೆ ಪಗಡಿ ಸುತ್ತಿ ಕಳಿಸುವುದು. ಕಾಣದಿದ್ದರೆ ಮುಷ್ಟಿಯಲ್ಲಿರುವುದನ್ನು ಅಲ್ಲೇ ಮುರಿಯುವುದು. ಬೇಡವೆಂದರೆ ಈಗಲೇ ಮುರಿಯುವುದು.

ಘಸೀಟಾ ಎಡಗಣ್ಣಿನ ರೆಪ್ಪೆ ಎತ್ತಿ ನೋಡಿದ. ಪೊರೆ ಬಲಿತಿತ್ತು, ಮುತ್ತಿನಂತೆ. ಕೈ ನೆರಳಾಡಿದರೆ ಅವಳಿಗೆ ತಿಳಿಯುತ್ತಿತ್ತು. ಒಳ್ಳೆಯ ಕಣ್ಣು. ಆಗಬಹುದು ಎಂದ.

ಮಂಜು ಕರಗಿ ಬಿಸಿಲು ಅಂಗಳಕ್ಕೆ ಬಿದ್ದ ಮೇಲೆ ಬೇಬೆಯನ್ನು ಗೋಡೆಗೊರಗಿಸಿ ಕೂರಿಸಿದರು. ಸೊಸೆ ಪರಸಿನ್ನೀ ಹಿಂದಿನಿಂದ ತಲೆ ಹಿಡಿದುಕೊಂಡಳು. ಘಸೀಟಾ ಬಿಸ್ಮಿಲ್ಲಾ ಎಂದು, ಈ ಸಲ ವಾಲಿಸದೆ, ಅಪ್ಪ ಹೇಳಿಕೊಟ್ಟಂತೆ ನೆಟ್ಟಗೆ ಚುಚ್ಚಿದ. ಕಡ್ಡಿ ತೂರಿತು. ಪರದೆ ನಡುಗಿತು, ವಾಲಿತು, ಇಳಿಯಿತು. ಅವನು ಎರಡು ಬೆರಳೆತ್ತಿದ.

"ಎಷ್ಟು ಬೇಬೆ?"

"ಎರಡು!" ಎಂದಳು. ಆಮೇಲೆ ಕತ್ತು ಮುಂದೆ ಚಾಚಿ, "ಒಂದರ ಉಗುರು ಕಪ್ಪಾಗಿದೆಯಲ್ಲೋ, ಏನು ಜಜ್ಜಿಕೊಂಡೆ?"

ಎಲ್ಲರೂ ನಕ್ಕರು. ವಸಾವಾ ಸಿಂಗ್ ಕೂಡ ಮೀಸೆಯೊಳಗೆ ನಕ್ಕ. ಕಣ್ಣು ಕಟ್ಟಿದ್ದಾಯಿತು. ಇಷ್ಟು ವರ್ಷ ಘಸೀಟಾ ಮಾಡಿದ್ದೆಲ್ಲ ಕಣ್ಕಟ್ಟೋ ಕಣ್ಣಿಗೆ ಕಟ್ಟೋ ಎಂಬುದು ಇನ್ನು ಈ ಕಟ್ಟು ಬಿಚ್ಚಿದ ದಿನ ತಿಳಿಯಬೇಕಿತ್ತು.

ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಜೋಡಿ ಎತ್ತು, ಘಸೀಟಾ. ಬೇಬೆಯ ಮಂಚವನ್ನು ಬೆಳಕು ಬೀಳದಂತೆ ಪಕ್ಕದ ಕೋಣೆಯಲ್ಲಿ ಹಾಕಿದ್ದರು. ನಡುವೆ ಮಣ್ಣಿನ ಗೋಡೆ, ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಒಂದು ಕಿಂಡಿ. ಪರಸಿನ್ನೀ ಅವನ ತಗಡಿನ ಬಟ್ಟಲಿಗೆ ಮೇಲಿನಿಂದ ಸಾಸಿವೆ ಸೊಪ್ಪಿನ ಸಾಗು ಹಾಕಿ, ಜೋಳದ ರೊಟ್ಟಿ ಎಸೆದು ಹೋಗುವಳು. ಅವಳು ಹೋದ ಮೇಲೆ ಕಿಂಡಿ ಮಾತಾಡುವುದು.

"ರಾವಳಾ, ತಿಂದ್ಯಾ? ಸಾಗಿಗೆ ಬೆಣ್ಣೆ ಹಾಕಿದ್ಲಾ?"

"ಹಾಕಿದ್ರು ಬೇಬೆ."

"ಸುಳ್ಳು. ಅವಳ ಕೈಯಿಂದ ಬೆಣ್ಣೆ ಬೀಳಬೇಕಾದ್ರೆ ಭೂಕಂಪ ಆಗ್ಬೇಕು. ಹೋದ ವರ್ಷ ಕಣ್ಣು ಬಂದಾಗ ಮೊದಲು ಮೊಮ್ಮಗನ್ನ ನೋಡ್ದೆ. ಎರಡನೇದು ನೋಡಿದ್ದು ಅವಳ ಪಾತ್ರೆ ತಳ. ಅಯ್ಯೋ ಆ ಮಸಿಯೇ! ಕುರುಡಿಯಾಗಿದ್ದಾಗ ನಾನೂ ಸೊಸೆನೂ ಎಷ್ಟು ಚೆನ್ನಾಗಿದ್ವಿ ಅಂತೀಯ."

ಘಸೀಟಾ ನಕ್ಕ. ನಕ್ಕದ್ದು ತನಗೇ ಹೊಸದಾಗಿ ಕೇಳಿಸಿತು. ಇಷ್ಟು ಕಾಲ ಅವನು ತೋರಿಸಿದ್ದು ಬೆರಳು. ಆ ಬೆರಳಿನ ಆಚೆ ಜನ ಏನೇನು ನೋಡಿದರೆಂದು ಈಗ ಮೊದಲ ಸಲ ಕೇಳುತ್ತಿದ್ದ. ಇನ್ನೂ ಏನು ನೋಡಿದೆ ಬೇಬೆ ಎಂದು ಕೇಳುವನು. ಅವಳು ಹೇಳುವಳು. ಸಾಸಿವೆ ಹೂವಿನ ಗದ್ದೆ. ತನ್ನದೇ ಕೈ, ಅದು ಯಾವಾಗ ತನ್ನ ಅಮ್ಮನ ಕೈಯಾಯಿತೆಂದು ಗೊತ್ತೇ ಆಗಿರಲಿಲ್ಲ. ಕಾಲುವೆಯ ನೀರಿನ ಮೇಲೆ ತೇಲಿ ಬಂದ ಯಾರದೋ ಒಂದು ಜೋಡು.

"ನಿನ್ನ ಮನೆಯವಳು?" ಎಂದು ಒಂದು ಮಧ್ಯಾಹ್ನ ಅವಳೇ ಕೇಳಿದಳು. ಜಿಂದೋಳ ಕಥೆ ಹೇಳಿದ. ಬಳೆ ತಂದದ್ದು, ಗೋರಿಯ ಮೇಲೆ ಹುಲ್ಲು ಬೆಳೆದಿದ್ದದ್ದು, ಎಲ್ಲ.

"ಬಳೆ ಏನ್ಮಾಡ್ದೆ?"

"ಜೋಳಿಗೇಲೇ ಇದೆ. ಒಂದೂ ಒಡೆದಿಲ್ಲ."

"ನಂಗೆ ಅಳು ಬರ್ತಿದೆ. ಅಳಬಾರ್ದು ಅಂತ ನೀನೇ ಹೇಳಿದೀಯ. ಬೇರೆ ಏನಾದ್ರೂ ಹೇಳಪ್ಪ."

ಆ ಮಾತಾದ ಮಾರನೆಯ ಬೆಳಿಗ್ಗೆ ಕಿಂಡಿಯಿಂದ ದನಿ ಸಣ್ಣಗೆ ಬಂತು. "ರಾವಳಾ, ಕಣ್ಣು ಸಿಡೀತಿದೆ. ಹಣೆಯೊಳಗೆ ಯಾರೋ ಕುಟ್ಟಿದ ಹಾಗೆ. ಹೋದ ವರ್ಷ ಹೀಗಾಗಿರಲಿಲ್ಲ."

ಘಸೀಟಾ ಒಳಗೆ ಹೋಗಿ ಕಟ್ಟಿನ ಮೇಲೆ ಬೆರಳ ಹಿಂಬದಿ ಇಟ್ಟ. ಬಿಸಿ. ಬೇಯುತ್ತಿರುವ ಕಣ್ಣಿನ ಬಿಸಿ. ಅವನ ಅಪ್ಪ ಇದನ್ನು ಹೇಳಿದ್ದನೇ ಹೊರತು ಅವನೇ ಎಂದೂ ಮುಟ್ಟಿ ನೋಡಿರಲಿಲ್ಲ. ಇದು ಬರುವ ಹೊತ್ತಿಗೆ ಅವನು ಯಾವಾಗಲೂ ಮೂರು ಊರು ಆಚೆ ಇರುತ್ತಿದ್ದ. ಹೊಸ ಅರಳೆಯಿಟ್ಟ. ತಣ್ಣನೆಯ ತುಪ್ಪ ಹಚ್ಚಿದ. ಅದಕ್ಕಿಂತ ಹೆಚ್ಚಿನದು ಅವನ ಜೋಳಿಗೆಯಲ್ಲಿರಲಿಲ್ಲ, ತಲೆಯಲ್ಲೂ ಇರಲಿಲ್ಲ.

"ನಾನೇನೂ ಅಗೀಲಿಲ್ಲ ಕಣೋ," ಎಂದಳು ಬೇಬೆ, ಮಗು ಹೇಳಿದಂತೆ. "ಗಂಜಿ ಬಿಟ್ಟು ಬೇರೇನೂ ಮುಟ್ಟಿಲ್ಲ."

"ಗೊತ್ತು ಬೇಬೆ." ಮಂಚದ ಪಕ್ಕ ಕೂತು, "ಹೋದ ವರ್ಷದ್ದೂ ಜೋಳದಿಂದ ಹೋಗಿದ್ದಲ್ಲ. ನನ್ನ ಕೈಯಿಂದ ಹೋಗಿದ್ದು. ಅಗೀಬೇಡಿ ಅನ್ನೋದು ನಾವು ನಮ್ಮ ಕೈ ಉಳಿಸ್ಕೊಳ್ಳೋಕೆ ಹೇಳೋ ಮಾತು."

ಈ ಮಾತನ್ನು ಅವನ ಕೇರಿಯಲ್ಲಿ ಯಾರೂ, ಯಾವ ಕಾಲದಲ್ಲೂ, ಬಾಯಿ ಬಿಟ್ಟು ಹೇಳಿರಲಿಲ್ಲ. ಬೇಬೆ ಮಂಚದ ಹಗ್ಗ ಹಿಡಿದುಕೊಂಡು ಮಲಗಿದ್ದಳು.

"ಅಂದ್ರೆ ವರ್ಷವಿಡೀ ನಾನು ಆ ಹಿಡಿ ಜೋಳಾನ ಸುಮ್ಮನೆ ಬೈದೆ," ಎಂದಳು. ನಕ್ಕಳೋ ನರಳಿದಳೋ ತಿಳಿಯಲಿಲ್ಲ. ಆಮೇಲೆ ಬೇರೆಯೇ ದನಿಯಲ್ಲಿ, "ಪರಸಿನ್ನೀ ಬೆಳಿಗ್ಗೆ ಎಮ್ಮೆ ಬಿಡೋಕೆ ಹಿಂದಿನ ಬಾಗಿಲು ತೆಗೀತಾಳೆ. ಎಮ್ಮೆ ಬಿಟ್ಟು ಬೇರೆ ಕಡೆ ನೋಡಲ್ಲ ಅವಳು. ವಸಾವಾ ನೀರು ಕಟ್ಟೋಕೆ ಹೋಗಿರ್ತಾನೆ. ತಿಳೀತಾ?"

"ತಿಳೀತು."

"ಹಾಗಾದ್ರೆ ಹೋಗು."

ಮರುದಿನ ಬೆಳಿಗ್ಗೆ ಹಿಂದಿನ ಬಾಗಿಲು ತೆರೆಯಿತು. ಎಮ್ಮೆಗಳು ಹೋದವು. ಆಚೆ ಬಿಳಿಯ ಮಂಜು, ಒಬ್ಬ ಮನುಷ್ಯನನ್ನು ನುಂಗಿ ಬಾಯಿ ಒರೆಸಿಕೊಳ್ಳುವಷ್ಟು ದಟ್ಟ. ಘಸೀಟಾ ಜೋಳಿಗೆ ಹೆಗಲಿಗೇರಿಸಿ ಹೊಸ್ತಿಲ ತನಕ ಹೋದ. ಎಷ್ಟೊಂದು ಊರುಗಳನ್ನು ಹೀಗೇ ಬಿಟ್ಟಿದ್ದ. ಒಂದರಲ್ಲೂ ಯಾರೂ ಬೆಣ್ಣೆ ಹಾಕಿದರಾ ಎಂದು ಕೇಳಿರಲಿಲ್ಲ. ಜೋಳಿಗೆ ಇಳಿಸಿ, ಎಮ್ಮೆಯ ಗೊಂತಿನ ಪಕ್ಕ ಕೂತುಕೊಂಡ.

"ಇನ್ನೂ ಇದೀಯಲ್ಲೋ," ಎಂದಿತು ಕಿಂಡಿ. "ಹುಚ್ಚನಾ ನೀನು? ಬೆರಳು ಬೇಡ್ವಾ?"

"ಈ ಸಲ ನೋಡೇ ಹೋಗ್ತೀನಿ ಬೇಬೆ."

"ನೋಡ್ಬೇಕಾದವಳು ನಾನು. ನೀನೇನು ನೋಡೋದು?"

ಕಣ್ಣು ಉಳಿಯಲೂಬಹುದು. ಉರಿ ಇಳಿದು ತಿಳಿಯಾಗುವುದುಂಟು ಎಂದು ಅಪ್ಪ ಹೇಳಿದ್ದ. ಉಳಿದರೆ ಅದನ್ನೊಂದು ಸಲ ನೋಡಬೇಕು. ಹೋದರೆ ಅದನ್ನೂ ನೋಡಬೇಕು. ಅಷ್ಟೇ ಅವನಿಗೆ ಗೊತ್ತಿದ್ದದ್ದು. ಆಮೇಲಿನ ದಿನಗಳಲ್ಲಿ ಬೇಬೆ ನೋವಿನ ಮಾತೆತ್ತಲಿಲ್ಲ. ಮಗ ಬಂದು ಕೇಳಿದರೆ ತುರಿಸುತ್ತದೆ, ವಾಸಿಯಾಗುತ್ತಿದೆ ಎನ್ನುವಳು. ಅದು ನಿಜವೋ ಸುಳ್ಳೋ ಕಿಂಡಿಯ ಈಚೆಯವನಿಗೆ ತಿಳಿಯುತ್ತಿರಲಿಲ್ಲ.

ಕಟ್ಟು ಬಿಚ್ಚುವ ದಿನ ಅಂಗಳ ತುಂಬಿತ್ತು. ಕಣ್ಣು ಬರುವುದನ್ನು ನೋಡಲು ಬಂದವರು ಅರ್ಧ, ಬೆರಳು ಮುರಿಯುವುದನ್ನು ನೋಡಲು ಬಂದವರು ಇನ್ನರ್ಧ. ಬೇಬೆ ಒಗೆದ ದುಪಟ್ಟಾ ಹೊದ್ದು ಮಂಚದ ಮೇಲೆ ಕೂತಿದ್ದಳು. ಘಸೀಟಾ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಅವನ ಬೆನ್ನ ಹಿಂದೆ ವಸಾವಾ ಸಿಂಗ್, ತೋಳು ಮಡಿಚಿಕೊಂಡು.

ಬಟ್ಟೆ ಸುರುಳಿ ಸುರುಳಿಯಾಗಿ ಇಳಿಯಿತು. ಅರಳೆ ರೆಪ್ಪೆಗೆ ಅಂಟಿಕೊಂಡಿತ್ತು, ಬಿಸಿನೀರಲ್ಲಿ ನೆನೆಸಿ ಬಿಡಿಸಿದ. ರೆಪ್ಪೆ ತೆರೆಯಿತು.

ಘಸೀಟಾ ನೋಡಿದ. ಬಿಳಿಯಿರಬೇಕಾದಲ್ಲಿ ಕೆಂಪು, ಕಪ್ಪಿರಬೇಕಾದಲ್ಲಿ ಮಜ್ಜಿಗೆ. ಇದರಲ್ಲಿ ಇನ್ನು ಬೆಳಕು ಹೋಗುವುದಿಲ್ಲ, ಬರುವುದೂ ಇಲ್ಲ. ಕೈಯ ನೆರಳು ಕಾಣುತ್ತಿದ್ದ ಕಣ್ಣು ಅದು. ಆ ನೆರಳನ್ನೂ ಅವನೇ ಕಿತ್ತುಕೊಂಡಿದ್ದ. ಇಷ್ಟು ವರ್ಷ ತಾನು ನೋಡದೆ ಬಿಟ್ಟು ಬಂದದ್ದು ಇದನ್ನು. ಬಾಯಿ ಮಾತ್ರ ರೂಢಿಯಂತೆ ತಾನೇ ಆಡಿತು. "ಎಷ್ಟು ಬೇಬೆ?"

ಕೈ ಏಳಲಿಲ್ಲ. ತೊಡೆಯ ಮೇಲೆ, ಮುಷ್ಟಿ ಮುಚ್ಚಿಕೊಂಡು, ಬಿದ್ದಲ್ಲೇ ಬಿದ್ದಿತ್ತು.

"ಎರಡು!" ಎಂದಳು ಬೇಬೆ, ಚೌಕದ ಬಾವಿಯ ತನಕ ಕೇಳುವ ಹಾಗೆ.

ಬೇಬೆಯ ಮುಖವನ್ನೇ ನೋಡುತ್ತಿದ್ದ ಅಂಗಳ ಹೋ ಎಂದಿತು. ಘಸೀಟಾ ಆ ಗದ್ದಲದಲ್ಲಿ, ಬೆನ್ನ ಹಿಂದಿನವನಿಗೆ ತಿಳಿಯದ ಹಾಗೆ, ಎರಡು ಬೆರಳು ಮೇಲೆತ್ತಿದ. ಕಪ್ಪು ಉಗುರಿನ ಮಾತು ಬೇಬೆ ಆಡಲಿಲ್ಲ.

"ಕೆಂಪಗಿದೆಯಲ್ಲೋ ಕಣ್ಣು?" ಎಂದು ವಸಾವಾ ಸಿಂಗ್ ಬಗ್ಗಿ ನೋಡಿದ. "ಬೇಬೆ, ನಾನು ಕಾಣ್ತಿದೀನಾ?"

"ಕಾಣದೆ ಏನು, ಮಣ್ಣು ಮೆತ್ತಿದ ಗಡ್ಡ. ನಿಮ್ಮಪ್ಪನೂ ಹಾಗೇ, ಗದ್ದೆಯಿಂದ ಅರ್ಧ ಗದ್ದೆ ಹೊತ್ಕೊಂಡೇ ಮನೆಗೆ ಬರೋನು."

"ನಾನು, ಅತ್ತೇ?" ಎಂದಳು ಪರಸಿನ್ನೀ.

"ನೀನಾ? ಮೊದಲು ಆ ಪಾತ್ರೆ ತಳ ಉಜ್ಜು, ಆಮೇಲೆ ಎದುರಿಗೆ ಬಾ."

ಪಾತ್ರೆ ನಿಜವಾಗಿ ಮಸಿಯಾಗಿತ್ತು. ಜನ ಬಿದ್ದು ಬಿದ್ದು ನಕ್ಕರು. ಕಣ್ಣು ಬಂದಿತೆನ್ನುವುದಕ್ಕೆ ಅತ್ತೆ ಸೊಸೆಯನ್ನು ಬೈದದ್ದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು? ವಸಾವಾ ಸಿಂಗ್ ಒಳಗಿನಿಂದ ಹೊಸ ಮಲ್ಮಲ್ಲಿನ ಪಗಡಿ ತಂದು ತನ್ನ ಕೈಯಾರೆ ರಾವಳನ ತಲೆಗೆ ಸುತ್ತಿದ. ಅವನ ಕಣ್ಣಲ್ಲಿ ನೀರಿತ್ತು. ಘಸೀಟಾ ಏನೋ ಹೇಳಲು ತುಟಿ ತೆರೆದಾಗ ಬೇಬೆಯೇ ಅಡ್ಡ ಬಾಯಿ ಹಾಕಿದಳು.

"ಹೊತ್ತಾಯ್ತು, ಹೊರಡಪ್ಪ. ನಿನ್ನ ಹಾದಿ ಕಾಯ್ತಾ ಎಷ್ಟು ಜನ ಇದಾರೋ."

ಯಾರೂ ಕಾಯುತ್ತಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವನು ಜೋಳಿಗೆಯಿಂದ ಹಸಿರು ಬಳೆಗಳನ್ನು ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಚಿದ. ಅವಳು ಒಂದೊಂದನ್ನೇ ತಡವಿ, ಒಡೆದಿದೆಯೇ ಎಂದು ನೋಡಿ, ಸುಮ್ಮನೆ ತಲೆಯಾಡಿಸಿದಳು.

ಊರಬಾಗಿಲು ದಾಟಿ ನೆಟ್ಟನೆಯ ದಾರಿಯಲ್ಲಿ ಅವನು ನಡೆದ. ಅಂದು ಮಂಜಿರಲಿಲ್ಲ. ಎಷ್ಟು ದೂರ ಹೋದರೂ ಮರೆಯಾಗುವಂತಿರಲಿಲ್ಲ. ಬೀಟೆಯ ಸಸಿಗಳ ಸಾಲು ಮುಗಿಯುವ ಕಡೆ, ಜನ್ಮದಲ್ಲಿ ಮೊದಲ ಸಲ, ತಿರುಗಿ ನೋಡಿದ.

ಬೇಬೆ ಊರಬಾಗಿಲ ಹೊರಗೆ ಬಂದು ನಿಂತಿದ್ದಳು, ಒಂದು ಕೈ ಗೋಡೆಯ ಮೇಲೆ. ಇನ್ನೊಂದು ಕೈ ಮೇಲೆತ್ತಿ ಬೀಸುತ್ತಿದ್ದಳು. ಆದರೆ ದಾರಿಯತ್ತ ಅಲ್ಲ. ಬಲಕ್ಕೆ, ಯಾರೂ ಇಲ್ಲದ ಸಾಸಿವೆ ಹೊಲದ ಕಡೆ, ಮುಖ ತುಂಬ ನಗುತ್ತ, ಕೈ ಬೀಸುತ್ತಿದ್ದಳು. ಅವಳ ಹಿಂದೆ ಬಾಗಿಲಿನಿಂದ ವಸಾವಾ ಸಿಂಗ್ ಹೊರಗೆ ಬರುತ್ತಿದ್ದ.

ಘಸೀಟಾ ದಾರಿ ಬಿಟ್ಟ. ದಾರಿ ಪಕ್ಕದ ನೀರುಗಾಲುವೆ ಹಾರಿ, ಸೊಂಟದೆತ್ತರದ ಹಳದಿ ಹೂಗಳ ನಡುವೆ ಪಗಡಿ ಬಿಚ್ಚಿಹೋಗುವಂತೆ ಅಡ್ಡಡ್ಡ ಓಡಿದ. ಅವಳ ಕೈ ಎಲ್ಲಿಗೆ ಬೀಸುತ್ತಿತ್ತೋ ಅಲ್ಲಿಗೆ ಬಂದು, ಏದುಸಿರು ಬಿಡುತ್ತ, ಅವಳಿಗೆ ನೇರ ಎದುರಾಗಿ ನಿಂತು, ತಾನೂ ಕೈ ಎತ್ತಿದ.